ಮಾದರಿ ಗಂಡ

ಹೆಂಡತಿಯ ಬಲಗೈಗೆ ಪ್ಲಾಸ್ಟರ್. ಗಂಡ ಮಂಚದ ಅಂಚಿನಲ್ಲಿ ಕೂತು ಅವಳ ತಲೆ ಬಾಚಿ ಜಡೆ ಹೆಣೆಯುತ್ತಿದ್ದ. ಔಷಧದ ತಳ್ಳುಗಾಡಿ ಹಿಡಿದ ಹಿರಿಯ ನರ್ಸ್ ಹೆಜ್ಜೆ ಮುಂದಿಡದೆ ನೋಡುತ್ತ ನಿಂತುಬಿಟ್ಟಳು. ಅವಳ ಮನೆಯಲ್ಲೂ ಒಬ್ಬ ಗಂಡನಿದ್ದ. ಹೋದ ಸಲ ಅವಳಿಗೆ ಜ್ವರ ಬಂದಾಗ ಬಾಗಿಲಲ್ಲೇ ನಿಂತು, "ಹಾಗಾದ್ರೆ ಅಡುಗೆ?" ಎಂದು ಕೇಳಿದ್ದ ಮಹಾನುಭಾವ.

"ಅಕ್ಕಾ, ಏನೋ ಸುಟ್ಟ ವಾಸನೆ ಬರ್ತಿದೆ. ನಿಮ್ಮ ಹೊಟ್ಟೆಯದೇ ಇರ್ಬೇಕು," ಎಂದಳು ಕಿರಿಯ ನರ್ಸ್.

"ಹೌದು ಕಣೇ, ಉರೀತಿದೆ. ಏನೀಗ? ನಮ್ಮನೆಯವರಿಗೆ ಬಾಚಣಿಗೆ ಎಲ್ಲಿರುತ್ತೆ ಅಂತಾನೂ ಗೊತ್ತಿಲ್ಲ."

ವಾರ್ಡಿನಲ್ಲಿ ಅವನಿಗೆ 'ಮಾದರಿ ಗಂಡ' ಎಂದೇ ಹೆಸರು. ನೀರು ಕುಡಿಸುತ್ತಿದ್ದ, ದಿಂಬು ಸರಿಮಾಡುತ್ತಿದ್ದ, ಹೆಂಡತಿಗೆ ಕೇಳಿದ ಪ್ರಶ್ನೆಗೂ ತಾನೇ ಉತ್ತರ ಕೊಡುತ್ತಿದ್ದ. ಹಿಂದಿನ ದಿನ ಅವನು ಔಷಧ ತರಲು ಹೋಗಿದ್ದಾಗ ಆಕೆ ಹಿರಿಯ ನರ್ಸಿನ ಕೈ ಹಿಡಿದು, "ಸಿಸ್ಟರ್, ಒಂದು ಮಾತು..." ಎಂದಿದ್ದಳು. ಹೊಟ್ಟೆಕಿಚ್ಚು ತಡೆಯಲಾರದೆ ನರ್ಸ್, "ನಿನಗೇನಮ್ಮ ಕಮ್ಮಿ? ಪುಣ್ಯವಂತೆ ನೀನು!" ಎಂದುಬಿಟ್ಟಿದ್ದಳು. ಆಕೆ ಕೈ ಬಿಟ್ಟು ಗೋಡೆ ಕಡೆ ತಿರುಗಿದ್ದಳು.

ಬೆಳಗಿನ ರೌಂಡ್ಸ್ ಮುಗಿಸಿದ ಡಾಕ್ಟರಮ್ಮ ನರ್ಸನ್ನು ಮೊಗಸಾಲೆಗೆ ಕರೆದಳು.

"ಸಿಸ್ಟರ್, ಗಂಡ ಹೇಳಿದ ಹಾಗೆ ಆಕೆ ಬಚ್ಚಲಲ್ಲಿ ಜಾರಿ ಬಿದ್ದಿಲ್ಲ ಅನ್ಸುತ್ತೆ. ಏಟು ತಡೆಯೋಕೆ ಅಡ್ಡ ಹಿಡಿದ ಕೈ ಹೀಗೆ ಮುರಿಯುತ್ತೆ."

"ಅಯ್ಯೋ, ಅಂಥ ಗಂಡನ ಮೇಲೆ ಅನುಮಾನವಾ? ಒಳ್ಳೆಯವರನ್ನ ಕಂಡ್ರೂ ಹೀಗಂದ್ರೆ ಹೇಗೆ ಡಾಕ್ಟ್ರೇ!"

"ನನ್ನ ಅನುಮಾನ ಸುಳ್ಳಾದ್ರೆ ನನಗೇ ಖುಷಿ. ಆದ್ರೆ ನಾನೂ ದಡ್ಡಿ ಥರ ಅವನೆದುರಿಗೇ 'ಯಾರಾದ್ರೂ ಹೊಡೆದ್ರಾ' ಅಂತ ಕೇಳಿದೆ. ಆಕೆ ಹೂಂ ಅಂತಾಳಾ? ಇವತ್ತು ಮನೆಗೆ ಕಳಿಸ್ಬೇಕು. ಅದಕ್ಕೆ ಮುಂಚೆ ಆಕೆ ಒಬ್ಬಳೇ ಇರುವಾಗ ನೀವು ಕೇಳಿ."

ನರ್ಸ್ ಗೊಣಗುತ್ತಲೇ ಆಕೆಯನ್ನು ಡ್ರೆಸ್ಸಿಂಗ್ ರೂಮಿಗೆ ಕರೆದೊಯ್ದಳು. ಗಂಡ ಬಾಗಿಲವರೆಗೂ ಹಿಂದೆಯೇ ಬಂದ.

"ಒಳಗೆ ಗಂಡಸರು ಯಾರಾದ್ರೂ ಇದ್ದಾರಾ?"

"ಯಾರೂ ಇಲ್ಲಪ್ಪ. ನೀವೂ ಇರಬಾರದು," ಎಂದು ನರ್ಸ್ ಬಾಗಿಲು ಮುಚ್ಚಿದಳು. ಅವನ ದನಿ ಅವಳಿಗೆ ಯಾಕೋ ಹಿಡಿಸಲಿಲ್ಲ.

ಸ್ಟೂಲಿನ ಮೇಲೆ ಕೂತ ಆಕೆ ಕತ್ತು ಅಲ್ಲಾಡಿಸಲೂ ಕಷ್ಟಪಡುತ್ತಿದ್ದಳು. "ಜಡೆ ಬಿಗಿಯಾಯ್ತೇನೋ," ಎಂದು ನರ್ಸ್ ಬಿಚ್ಚತೊಡಗಿದಳು. ಆಕೆ ಬೇಡವೆಂದು ಎಡಗೈ ಎತ್ತುವುದರೊಳಗೆ ಕೂದಲು ಬಿಚ್ಚಿಕೊಂಡಿತು. ಕಿವಿಯ ಹಿಂದೆ ಅಂಗೈಯಗಲ ಬರಿಯ ಚರ್ಮ, ಕೆಂಪಗೆ ಊದಿತ್ತು. ಬುಡಸಮೇತ ಕಿತ್ತ ಜಾಗ. ಮುಚ್ಚುವುದಕ್ಕೆಂದೇ ಜಡೆ ಹಾಗೆ ಎಳೆದು ಹೆಣೆದಿದ್ದ.

ನರ್ಸ್ ಕೈ ಹಿಂದಕ್ಕೆಳೆದುಕೊಂಡಳು. ಈ ಬಾಳಿಗಾ ತಾನು ಹೊಟ್ಟೆ ಉರಿದುಕೊಂಡಿದ್ದು!

"ಇದು ಅವರೇ ಮಾಡಿದ್ದಾ?"

"ಪಕ್ಕದ ಮನೆಯವರ ಹತ್ರ ನಕ್ಕು ಮಾತಾಡಿದೆ ಅಂತ," ಎಂದಳು ಆಕೆ. "ನಿನ್ನೆ ನಿಮಗೆ ಹೇಳೋಣ ಅಂತಿದ್ದೆ, ಸಿಸ್ಟರ್. ನೀವೇ ಪುಣ್ಯವಂತೆ ಅಂದ್ರಿ. ಇನ್ನು ಯಾರು ನಂಬ್ತಾರೆ ಅಂತ ಸುಮ್ಮನಾದೆ."

ನರ್ಸಿಗೆ ನಾಲಿಗೆ ಕಚ್ಚಿಕೊಳ್ಳುವಷ್ಟು ನಾಚಿಕೆಯಾಯಿತು. ಅವಳು ಆಕೆಯೆದುರು ಕುಕ್ಕರುಗಾಲಿನಲ್ಲಿ ಕೂತಳು.

"ನನ್ನದೇ ತಪ್ಪು ಕಣಮ್ಮ. ನಿನ್ನದು ಏನೇನೂ ಇಲ್ಲ. ನಾನು ನಂಬ್ತೀನಿ. ಈಗ ನಿನಗೆ ಏನು ಬೇಕು ಹೇಳು."

ಅಂಥ ಪ್ರಶ್ನೆಯನ್ನು ಆಕೆಗೆ ಯಾರಾದರೂ ಕೇಳಿ ಬಹಳ ಕಾಲವಾಗಿರಬೇಕು.

"ಇವತ್ತು ಮನೆಗೆ ಕಳಿಸಬೇಡಿ. ಅಕ್ಕನ ಹತ್ರ ಮಾತಾಡ್ಬೇಕು. ನನ್ನ ಫೋನು ಅವರ ಜೇಬಲ್ಲಿದೆ."

ನರ್ಸ್ ತನ್ನ ಫೋನಿನಲ್ಲಿ ಮೊದಲು ಡಾಕ್ಟರಮ್ಮನಿಗೆ ಹೇಳಿದಳು: "ನೀವಂದಿದ್ದೇ ನಿಜ. ಡಿಸ್ಚಾರ್ಜ್ ಬೇಡ. ಬೇಗ ಬನ್ನಿ." ಆಮೇಲೆ ಫೋನನ್ನು ಆಕೆಯ ಎಡಗೈಗೆ ಕೊಟ್ಟಳು.

ಹೊರಗಿನಿಂದ ಬಾಗಿಲು ತಟ್ಟುವ ಸದ್ದು. "ಸಿಸ್ಟರ್, ಎಷ್ಟು ಹೊತ್ತು? ಅವಳಿಗೆ ನಾನಿಲ್ದೆ ಭಯವಾಗುತ್ತೆ."

"ಭಯ ಇಲ್ಲ. ನಾನಿದ್ದೀನಿ," ಎಂದ ನರ್ಸ್ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

ಫೋನಿನಲ್ಲಿ ಅಕ್ಕನ ದನಿ ಕೇಳಿಸಿದ್ದೇ ತಡ, ಆಕೆ ನೆಟ್ಟಗೆ ಕೂತಳು.

"ಅಕ್ಕಾ, ನಾನು ಕಣೇ," ಎಂದಳು. "ಪ್ರತಿ ಸಲದ ಹಾಗೆ ಅವರ ಕೈಗೆ ಫೋನ್ ಕೊಡು ಅನ್ನಬೇಡ. ಇವತ್ತು ನಾನೇ ಹೇಳ್ತೀನಿ."