ತಾನಾಗಿಯೇ ಏಳುವ ಪೆಟ್ಟಿಗೆ

ಸ್ಟೇಶನ್ ಬಜಾರದ ವಾಸುದೇವನಿಗೆ ತಾನು ಜೋಡಿಸಿದ ಕಂಪ್ಯೂಟರು ಗುಂಡಿ ಒತ್ತಿದರೆ ಏನೇ ಆದರೂ ಏಳಲೇಬೇಕೆಂಬ ಹಟ. ಒಳಗೆ ಎರಡು ಡಿಸ್ಕು, ಎರಡರಲ್ಲೂ ಅದೇ ಮಾಲು. ಒಂದು ಕೈಕೊಟ್ಟರೆ ಸದ್ದಿಲ್ಲದೆ ಇನ್ನೊಂದರಿಂದ ಏಳುವ ಹಾಗೆ ಮಾಡಿಡುತ್ತಿದ್ದ. ಗಿರಾಕಿಗೆ ಸುಳಿವೂ ಹತ್ತುತ್ತಿರಲಿಲ್ಲ, ಅದೇ ಅವನ ಹೆಮ್ಮೆ.

ಎರಡು ಸಾವಿರದ ಮೂರರಲ್ಲಿ ಕಮಲಾಪುರದ ಶಿಕ್ಷಕಿ ಜಾಹೇದಾ ಅಂಥದೊಂದು ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಅವನ ಅಂಗಡಿಗೆ ತಂದಳು. ಮದುವೆಮನೆಗಳಲ್ಲಿ ಢೋಲಕ ಬಾರಿಸಿ ಹಾಡುತ್ತಿದ್ದ ಅವಳ ತಾಯಿಯ ತಾಯಿ, ನಾನಿ ಚಾಂದಬಿಯ ಹಾಡುಗಳೆಲ್ಲ ಅದರಲ್ಲಿದ್ದವು. ಆಮೇಲೆ ಲಕ್ವಾ ಹೊಡೆದು ನಾನಿಯ ಮಾತು ನಿಂತಿತು. ಈಗ ನೋಡಿದರೆ ಪೆಟ್ಟಿಗೆಯಲ್ಲಿ ಒಂದು ಹಾಡೂ ಇಲ್ಲ. ತಾನೇ ಅಳಿಸಿಬಿಟ್ಟೆನೇನೋ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಅಳಿಸಿದ ಗುರುತೇ ಇಲ್ಲದ್ದು ಕಂಡು ವಾಸುದೇವನ ಕುತೂಹಲ ಕೆರಳಿತು. ಡಿಸ್ಕುಗಳನ್ನು ಬಿಚ್ಚಿ ಬೇರೆ ಬೇರೆ ಕಂಪ್ಯೂಟರಿಗೆ ಹಚ್ಚಿದ. ಒಂದರಲ್ಲಿ ಹಾಡುಗಳೆಲ್ಲ ಇದ್ದವು! ಇನ್ನೊಂದು ಡಿಸ್ಕು, ಹಾಡು ತುಂಬಿಸುವ ಮೊದಲೇ, ನಿಂತುಹೋಗಿತ್ತು. ಆಗಲೇ ಅದರ ವೈರು ಸಡಿಲಾಗಿದೆ, ಪೆಟ್ಟಿಗೆ ಹೇಳದೆ ಕೇಳದೆ ಒಂದರ ಮೇಲೇ ನಡೆದಿದೆ. ಮನೆಗೆ ಸುಣ್ಣ ಹೊಡೆಯಲು ಸರಿಸಿದಾಗ ಆ ಸಡಿಲ ವೈರು ಕೂತು ಹಾಡಿನ ಡಿಸ್ಕಿನ ವೈರು ಕಳಚಿದೆ. ಹಳೆಯದರಿಂದ ಎದ್ದ ಪೆಟ್ಟಿಗೆ ಹಳೆಯದನ್ನೇ ಇವತ್ತಿನದೆಂದು ತೋರಿಸಿದೆ.

“ಈ ಪೆಟ್ಟಿಗಿ ಮೊದಲೇ ಯಾಕ ಹೇಳಲಿಲ್ಲರೀ?” ಎಂದಳು ಜಾಹೇದಾ.

“ನಿಮಗ ತ್ರಾಸ ಆಗಬಾರದಂತ ನಾನೇ ಹಂಗ ಮಾಡಿಟ್ಟಿದ್ದೆರೀ.”

“ಅವತ್ತ ನಿಂತಿದ್ರ ಅವತ್ತೇ ತರ್ತಿದ್ದೆ.”

ವಾಸುದೇವನ ಮುಖ ಸಣ್ಣದಾಯಿತು. ಬೇಗ ಸರಿಮಾಡಿಬಿಡೋಣವೆಂದು, ಹಳೆಯ ಡಿಸ್ಕು ಅಳಿಸಿ ಹಾಡಿನದನ್ನು ಅದರ ಮೇಲೆ ನಕಲು ಮಾಡಲು ಹೊರಟ. ಜಾಹೇದಾ ಗಾಬರಿಯಿಂದ ತಡೆದಳು. ಹಾಡು ಕಾಣೆಯಾದ ಮೇಲೆ, ಹೋದ ಶುಕ್ರವಾರ, ನಾನಿಯ ಸದ್ದೊಂದನ್ನು ಅದರಲ್ಲೇ ರೆಕಾರ್ಡ್ ಮಾಡಿದ್ದಳಂತೆ. ಕೇಳಬೇಕೆಂದೇ ತೋಚಿರದ ವಾಸುದೇವ ಕೀಲಿಮಣೆಯಿಂದ ಕೈ ತೆಗೆದ.

ಅದನ್ನು ಹಚ್ಚಿದರು. ಅದರಲ್ಲಿ ಮಾತಿಲ್ಲ, ಮಂಚದ ಕಟ್ಟಿಗೆಯ ಮೇಲೆ ಬೆರಳಿನ ಟಕಟಕ ಅಷ್ಟೇ. ಬಡಿಯುವಾಗ ನಾನಿಯ ಕಣ್ಣಲ್ಲಿ ನೀರಿತ್ತಂತೆ. ಮಗಳನ್ನು ಬೀಳ್ಕೊಡುವ ಹಾಡೇ ಇರಬೇಕೆಂದು ಜಾಹೇದಾ ಅಂದುಕೊಂಡಿದ್ದಳು. ವಾಸುದೇವ ಪಕ್ಕದ ಕಂಪ್ಯೂಟರಿನಲ್ಲಿ ಆ ಹಾಡು ಹಾಕಿದ. ತಾಳ ಕೂಡಲಿಲ್ಲ. ಒಂದೊಂದಾಗಿ ಹಾಕುತ್ತ ಹೋದ. ಬೀಗತಿಯ ಮೂಗನ್ನು ಆಡಿಕೊಳ್ಳುವ ಹಾಡು ಬಂದಾಗ ಬೆರಳು, ದನಿ ಎರಡೂ ಒಂದಾದವು.

ಜಾಹೇದಾ ಅಳುತ್ತಲೇ ನಕ್ಕಳು. “ಅಳಾಕತ್ತಾಳಂತ ನಾನೇ ತಿಳ್ಕೊಂಡು ಸುಮ್ಮನಾಗಿದ್ದೆರೀ. ನಾನಿ ಚ್ಯಾಷ್ಟಿ ಮಾಡಾಕತ್ತಿದ್ಲು.”

ಒಂದು ಡಿಸ್ಕು ಸುಮ್ಮನಾದರೆ, ಇಲ್ಲವೆ ಎರಡೂ ಎರಡು ಮಾತು ಹೇಳಿದರೆ, ಅಲ್ಲೇ ನಿಂತು ಏನು ಮಾಡಲೆಂದು ಗಿರಾಕಿಯನ್ನೇ ಕೇಳುವ ಹಾಗೆ, ವಾಸುದೇವ ಅವತ್ತೇ ಆ ಪೆಟ್ಟಿಗೆಯನ್ನು ತಿದ್ದಿದ.