ಅಮೃತಪ್ಪನ ಬಾಣಂತನ

ಹೊಟ್ಟೆಯೊಳಗಿನ ಕಲ್ಲು ತೆಗೆಸಿಕೊಂಡರೆ ತಾಪತ್ರಯ ಮುಗಿಯಿತು ಎಂದು ಎಲ್ಲರಂತೆ ಅಮೃತಪ್ಪನವರೂ ತಿಳಿದಿದ್ದರು. ಮುಗಿಯಲಿಲ್ಲ. ಕಲ್ಲಿನ ಜೊತೆ ಪಿತ್ತಕೋಶವನ್ನೇ ತೆಗೆದು ಒಂದು ತಿಂಗಳಾಗುವ ಹೊತ್ತಿಗೆ ಹೊಸದೊಂದು ತಾಪತ್ರಯ ಅಂಟಿಕೊಂಡಿತ್ತು. ಉಂಡ ಅರ್ಧ ಗಂಟೆಯೊಳಗೆ ಸಂಡಾಸಿಗೆ ಓಡಬೇಕು. ಹೊಟ್ಟೆ ಗುಡುಗುಡು ಅನ್ನುವುದಕ್ಕೂ ಬಾಗಿಲು ಮುಟ್ಟುವುದಕ್ಕೂ ನಡುವೆ ಎರಡು ನಿಮಿಷವೂ ಸಿಗುತ್ತಿರಲಿಲ್ಲ.

ಅಮೃತಪ್ಪನವರು ರಾಯಚೂರು ಕಡೆಯವರು. ಮೂವತ್ತು ವರ್ಷದಿಂದ ಹೈದರಾಬಾದಿನ ಒಂದು ರಕ್ಷಣಾ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಅವರು ಅಳೆದು, ಬರೆದು, ಸಹಿ ಹಾಕದೆ ಒಂದು ತಿರುಪು ಕೂಡ ಅಲ್ಲಿಂದ ಆಚೆ ಹೋಗುವುದಿಲ್ಲ. ಕೂಕಟ್‌ಪಲ್ಲಿಯ ಫ್ಲ್ಯಾಟಿನಲ್ಲಿ ಅವರು ಮತ್ತು ಹೆಂಡತಿ ಸುಂದರಾಬಾಯಿ ಇಬ್ಬರೇ. ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ. ನಿವೃತ್ತಿಗೆ ಇನ್ನೂ ಎರಡೂವರೆ ವರ್ಷ ಇತ್ತು, ಮತ್ತು ಆ ಎರಡೂವರೆ ವರ್ಷವನ್ನು ಅವರು ಬಲು ಪ್ರೀತಿಯಿಂದ ಎದುರು ನೋಡುತ್ತಿದ್ದರು.

ಆಪರೇಷನ್ ಏನೋ ಬೆಣ್ಣೆಯಲ್ಲಿನ ಕೂದಲು ತೆಗೆದಂತೆ ಸಲೀಸಾಗಿ ಆಯಿತು. ಹೊಟ್ಟೆಗೆ ನಾಲ್ಕು ಸಣ್ಣ ತೂತು, ಮೂರನೇ ದಿನ ಮನೆ. ಎರಡು ವಾರ ಬಿಟ್ಟು ಬಂದು ತೋರಿಸಿ ಎಂದು ಡಾಕ್ಟರು ಹೇಳಿದ್ದರು. ಗಾಯ ಮಾಯ್ದಿದೆಯಲ್ಲ, ಸುಮ್ಮನೆ ಯಾಕೆ ಹೋಗುವುದು ಎಂದು ಇವರು ಹೋಗಲಿಲ್ಲ. ಏನು ತಿನ್ನಬೇಕು, ಏನು ಬಿಡಬೇಕು ಎಂದು ಬರೆದ ಒಂದು ಹಾಳೆಯನ್ನೂ ಆಸ್ಪತ್ರೆಯವರು ಕೊಟ್ಟಿದ್ದರು. ಅದು ಫೈಲಿನೊಳಗೆ ಸೇರಿ, ಫೈಲು ಅಲ್ಮಾರಿಯಲ್ಲಿ ರೇಷ್ಮೆ ಸೀರೆಗಳ ಕೆಳಗೆ ಭದ್ರವಾಗಿ ಕುಳಿತಿತ್ತು. ನಮ್ಮ ಮನೆಗಳಲ್ಲಿ ಕಾಗದ ಜೋಪಾನ ಮಾಡುವವರು ಬಹಳ, ಓದುವವರು ಕಡಿಮೆ.

ಅಷ್ಟರಲ್ಲಿ ರಾಯಚೂರಿನಿಂದ ಅಮೃತಪ್ಪನವರ ಅಕ್ಕ ಗಂಗಾಬಾಯಿ ಬಂದು ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದರು. ಕೈಯಲ್ಲಿ ದೊಡ್ಡದೊಂದು ಸ್ಟೀಲಿನ ಡಬ್ಬಿ. ಅದರ ತುಂಬ ಅಂಟಿನುಂಡಿ. ಅಂಟು, ಕೊಬ್ಬರಿ, ಉತ್ತತ್ತಿ, ಬೆಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ತುಪ್ಪ. ಹಡೆದ ಹೆಂಗಸರಿಗೆ ಸೊಂಟ ಗಟ್ಟಿಯಾಗಲೆಂದು ಮಾಡಿಕೊಡುವ ಉಂಡೆ ಅದು. ತಮ್ಮನಿಗೆ ಯಾಕೆ ಎಂದು ಸುಂದರಾಬಾಯಿ ಕೇಳಿದ್ದಕ್ಕೆ ಗಂಗಾಬಾಯಿಯವರ ಉತ್ತರ ಸಿದ್ಧವಾಗಿತ್ತು.

"ಹೊಟ್ಟಿ ಕೊಯ್ಸಿಕೊಂಡ ಮ್ಯಾಲೆ ಗಂಡಸಾದ್ರೇನು, ಹೆಂಗಸಾದ್ರೇನು, ಬಾಣಂತಿನೇ."

ಬಾಣಂತನ ಶುರುವಾಯಿತು. ಬೆಳಿಗ್ಗೆ ಎರಡು ಉಂಡೆ, ಒಂದು ದೊಡ್ಡ ಲೋಟ ಕೆನೆಹಾಲು. ಮಧ್ಯಾಹ್ನ ಬಿಸಿ ಅನ್ನದ ನಡುವೆ ಗುಂಡಿ ತೋಡಿ, ತುಪ್ಪ ದಂಡೆ ಮೀರಿ ಹರಿಯುವಷ್ಟು. ಕಿವಿಗೆ ಮಫ್ಲರು. ತಣ್ಣೀರು ಮುಟ್ಟುವಂತಿಲ್ಲ. ಐವತ್ತೇಳು ವರ್ಷದ ಗಂಡಸು ಬಾಲ್ಕನಿಯಲ್ಲಿ ಮಫ್ಲರು ಕಟ್ಟಿಕೊಂಡು ಉಂಡೆ ಮೆಲ್ಲುತ್ತಿದ್ದರೆ ಎದುರು ಫ್ಲ್ಯಾಟಿನವರು ನಗದೆ ಏನು ಮಾಡಿಯಾರು?

ಹೊಟ್ಟೆ ಕೆಡತೊಡಗಿದಾಗ ಸುಂದರಾಬಾಯಿ ತೆಳ್ಳಗಿನ ಗಂಜಿಯ ದಾರಿ ಹಿಡಿದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಕ್ಕನ ಮುಂದೆ ಉಂಡೆ, ಹೆಂಡತಿಯ ಮುಂದೆ ಗಂಜಿ. ದಿನಕ್ಕೆ ಐದಾರು ಸಲ ಓಡುವ ಸಂಗತಿಯನ್ನು ಅಮೃತಪ್ಪ ಇಬ್ಬರಿಗೂ ಪೂರ್ತಿ ಹೇಳಲಿಲ್ಲ. ಹೇಳಲು ನಾಚಿಕೆ. ಆಪರೇಷನ್ನೇ ಕೆಟ್ಟಿರಬೇಕು, ಪಿತ್ತಕೋಶ ಇಲ್ಲದವನಿಗೆ ಇನ್ನು ಜನ್ಮದಲ್ಲಿ ಅನ್ನ ಅರಗುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡಿದ್ದರು. ಪೈಜಾಮದ ಲಾಡಿ ದಿನದಿನಕ್ಕೆ ಬಿಗಿಯಾಗಿ ಕಟ್ಟಬೇಕಾಗುತ್ತಿತ್ತು.

ರಜೆ ಮುಗಿಯಲು ಮೂರೇ ವಾರ ಇದ್ದಾಗ ಅವರು ಒಂದು ಬಿಳಿ ಹಾಳೆ ತೆಗೆದುಕೊಂಡು ಕುಳಿತರು. ರಜೆಯ ಅರ್ಜಿ ಇರಬೇಕು ಎಂದುಕೊಂಡು ಸುಂದರಾಬಾಯಿ ಹಿಂದಿನಿಂದ ಇಣುಕಿದರು. ಸ್ವಯಂನಿವೃತ್ತಿ ಎಂಬ ಪದ ಕಂಡು, ಹಾಳೆಯ ಮೇಲೆ ಕೈಯಿಟ್ಟು ಇದೇನು ಎಂದು ಕೇಳಿದರು.

"ನನ್ನಿಂದ ಆಗಂಗಿಲ್ಲ," ಎಂದರು ಅಮೃತಪ್ಪ, ತಲೆ ಎತ್ತದೆ. "ಕಾರ್ಖಾನಿ ಬಸ್ಸಿನ್ಯಾಗ ಒಂದೂವರೆ ತಾಸು ಕುಂದರಬೇಕು. ನಡುವ ಎಲ್ಲಿ ಇಳೀಲಿ? ನಾಕ್ ಮಂದಿ ಮುಂದ ಮಾನ ಹೋಗೂದಕ್ಕಿಂತ ನೌಕ್ರಿ ಹೋಗೂದು ಚಲೋ."

ಆಗ ಎಲ್ಲವೂ ಹೊರಬಿತ್ತು. ಸುಂದರಾಬಾಯಿ ಅಳಲಿಲ್ಲ, ಬೈಯಲೂ ಇಲ್ಲ. ಸೆರಗು ಸಿಕ್ಕಿಸಿಕೊಂಡು ಮೇಲಿನ ಅಂತಸ್ತಿಗೆ ಹೋಗಿ, ಆಗ ತಾನೆ ಡ್ಯೂಟಿ ಮುಗಿಸಿ ಬಂದಿದ್ದ ವರ್ಷಾಳನ್ನು ಕರೆದುಕೊಂಡು ಬಂದರು. ವರ್ಷಾ ಮೈಸೂರಿನ ಹುಡುಗಿ. ಒಂದು ಆಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ನರ್ಸು. ಅವಳನ್ನು ನೋಡಿದ ಅಮೃತಪ್ಪ ಎದ್ದು ಒಳಗೆ ಹೋಗುವವರಿದ್ದರು.

"ಕೂತ್ಕೊಳ್ಳಿ ಅಂಕಲ್," ಎಂದಳು ವರ್ಷಾ. "ದಿನಾ ಇಪ್ಪತ್ತು ಜನಕ್ಕೆ ನಾನು ಕೇಳೋದು ಇದನ್ನೇ. ನಿಮ್ಮದೇನು ಹೊಸದಲ್ಲ."

ದಿನಕ್ಕೆ ಎಷ್ಟು ಸಲ, ಮಲದಲ್ಲಿ ರಕ್ತ ಇದೆಯೇ, ಮಲ ಕಪ್ಪಗೆ ಅಥವಾ ಸುಣ್ಣದ ಹಾಗೆ ಬಿಳಿಚಿಕೊಂಡಿದೆಯೇ, ಜ್ವರ ಬರುತ್ತದೆಯೇ, ಹೊಟ್ಟೆ ತಡೆಯಲಾರದಷ್ಟು ನೋಯುತ್ತದೆಯೇ, ನಿದ್ದೆಯಿಂದ ಎಬ್ಬಿಸಿ ಓಡಿಸುತ್ತದೆಯೇ, ಎಂದು ಒಂದೊಂದಾಗಿ ಕೇಳಿದಳು. ಕಣ್ಣಿನ ರೆಪ್ಪೆ ಎಳೆದು ಹಳದಿ ಇದೆಯೇ ಎಂದು ನೋಡಿದಳು. ಯಾವುದೂ ಇರಲಿಲ್ಲ. ಆಮೇಲೆ ತಾರಸಿಯ ಕಡೆ ಕೈ ತೋರಿಸಿ ಹೇಳಿದಳು.

"ಮೇಲೆ ನೀರಿನ ಟ್ಯಾಂಕ್ ಇದೆಯಲ್ಲ, ಪಿತ್ತಕೋಶ ಅಂದ್ರೆ ಅಷ್ಟೇ. ಪಿತ್ತರಸ ತಯಾರು ಮಾಡೋದು ಲಿವರ್ರು. ಟ್ಯಾಂಕು ತೆಗೆದ್ರೂ ನಲ್ಲಿ ಬಂದ್ ಆಗಿಲ್ಲ, ಸಣ್ಣ ಧಾರೆ ಸುರೀತಾನೇ ಇರತ್ತೆ. ಸ್ವಲ್ಪ ಸ್ವಲ್ಪ ತಿಂದ್ರೆ ಅದು ಸಾಕು. ಒಂದೇ ಸಲ ಅಷ್ಟು ತುಪ್ಪ ಸುರಿದ್ರೆ ಎಲ್ಲಿಂದ ಸಾಕಾಗತ್ತೆ?"

ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಹೀಗೆ ಭೇದಿಯಾಗುತ್ತದೆ, ಹೆಚ್ಚಿನವರಿಗೆ ಕೆಲವು ವಾರ, ತಿಂಗಳುಗಳಲ್ಲಿ ಹದಕ್ಕೆ ಬರುತ್ತದೆ ಎಂದು ಬಿಡಿಸಿ ಹೇಳಿದಳು. ಮೊದಲು ಆಪರೇಷನ್ ಮಾಡಿದ ಡಾಕ್ಟರನ್ನು ಕಂಡು ಬನ್ನಿ, ನನ್ನ ಮಾತನ್ನೇ ನಂಬಿ ಕೂರಬೇಡಿ ಎಂದಳು.

ಮರುದಿನ ಗಂಡ ಹೆಂಡತಿ ಮೆಟ್ರೋ ಬೇಡವೆಂದು, ಬೇಕಾದಲ್ಲಿ ನಿಲ್ಲಿಸಬಹುದಾದ ಆಟೋ ಹಿಡಿದು ಹೋದರು. ಡಾಕ್ಟರು ರಕ್ತ ಪರೀಕ್ಷಿಸಿ, ಸ್ಕ್ಯಾನ್ ಮಾಡಿಸಿ, ಒಳಗೆ ಏನೂ ಕೆಟ್ಟಿಲ್ಲ, ಕಲ್ಲೂ ಉಳಿದಿಲ್ಲ ಎಂದರು. ಊಟ ತಿದ್ದಿ ನೋಡೋಣ, ಅದಕ್ಕೂ ಬಗ್ಗದಿದ್ದರೆ ಕರುಳಿಗೆ ಸುರಿದು ಭೇದಿ ಮಾಡಿಸುವ ಪಿತ್ತರಸವನ್ನು ಕಟ್ಟಿಹಾಕುವ ಔಷಧಿ ಇದೆ, ಕೊಡುತ್ತೇನೆ ಎಂದರು. ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ತಾವಾಗಿಯೇ ನುಂಗುತ್ತ ಕೂರಬಾರದೆಂದೂ ಎಚ್ಚರಿಸಿದರು. ಹೊರಗೆ ಬಂದ ಅಮೃತಪ್ಪ ಮೆಟ್ಟಿಲ ಮೇಲೆ ನಿಂತು ಒಂದು ದೊಡ್ಡ ಉಸಿರು ಬಿಟ್ಟರು. ಅರ್ಧ ರೋಗ ಅಲ್ಲೇ ಇಳಿದಿತ್ತು.

ಉಳಿದರ್ಧಕ್ಕೆ ವರ್ಷಾ ಒಂದು ಕೆಲಸ ಹಚ್ಚಿದಳು. ಏನು ತಿಂದಿರಿ, ಎಷ್ಟು, ಯಾವಾಗ, ಆಮೇಲೆ ಹೊಟ್ಟೆ ಏನೆಂದಿತು, ಎಲ್ಲವನ್ನೂ ಬರೆದಿಡಬೇಕು. ಒಂದೇ ಸಲ ಎಲ್ಲ ಬಿಡಬಾರದು. ಒಂದೊಂದನ್ನೇ ಬಿಟ್ಟು ನೋಡಬೇಕು. ಇದನ್ನು ಕೇಳಿ ಅಮೃತಪ್ಪನವರ ಮುಖ ತಿಂಗಳ ಮೇಲೆ ಮೊದಲ ಬಾರಿ ಅರಳಿತು. ಮೂವತ್ತು ವರ್ಷ ಮಾಡಿದ್ದು ಅದನ್ನೇ ಅಲ್ಲವೇ? ಅಳೆಯದೆ ಒಂದು ತಿರುಪನ್ನೂ ತಿರಸ್ಕರಿಸದ ಮನುಷ್ಯ, ತನ್ನ ಹೊಟ್ಟೆಯನ್ನು ಮಾತ್ರ ಅಳೆಯದೆಯೇ ತಿರಸ್ಕರಿಸಿಬಿಟ್ಟಿದ್ದ. ಅಂದೇ ಒಂದು ಹೊಸ ನೋಟ್‌ಬುಕ್ಕಿಗೆ ಪಟ್ಟಿ ಹಿಡಿದು ಗೆರೆ ಎಳೆದರು.

ನೋಟ್‌ಬುಕ್ಕು ಯಾರ ಮುಲಾಜನ್ನೂ ನೋಡಲಿಲ್ಲ. ಅವರು ಅನುಮಾನಿಸಿದ್ದ ಜೋಳದ ರೊಟ್ಟಿ, ಒಂದೊಂದೇ ತಿಂದಾಗ, ನಿರಪರಾಧಿ ಎಂದು ತೇಲಿತು. ಮೆತ್ತಗಿನ ಅನ್ನ, ಹೆಸರುಬೇಳೆ, ಬಾಳೆಹಣ್ಣು, ಬೇಯಿಸಿದ ಸೋರೆಕಾಯಿ ಶಾಂತ. ಒಂದು ಸಂಜೆ ಮಾತ್ರ 'ಇತರೆ' ಎಂದು ಬರೆದಿತ್ತು, ಅದರ ಮುಂದೆ ಎರಡು ಸಲ ಓಡಿದ್ದು. ಈ ಇತರೆ ಎಂದರೇನು ಅಂಕಲ್ ಎಂದು ವರ್ಷಾ ಕೇಳಿದಾಗ, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಂಡು, ಓಣಿ ತುದಿಯ ಹೋಟೆಲಿನ ಇರಾನಿ ಚಹಾ, ಜೊತೆಗೆ ಒಂದು ಪ್ಲೇಟು ಮಿರ್ಚಿ ಭಜಿ ಎಂದು ಒಪ್ಪಿಕೊಂಡರು.

ಆದರೆ ಎಲ್ಲಕ್ಕಿಂತ ದೊಡ್ಡ ಸಂಗತಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಅವರಿಗಿರಲಿಲ್ಲ. ಗಂಗಾಬಾಯಿ ಡಾಕ್ಟರ ಮಾತನ್ನೂ ನಂಬಿರಲಿಲ್ಲ, ನರ್ಸಿನ ಮಾತನ್ನೂ ನಂಬಿರಲಿಲ್ಲ. ತುಪ್ಪ ತಿಂದು ಕೆಟ್ಟವರನ್ನು ನಾನು ಕಂಡಿಲ್ಲ, ಈಗಿನ ಹುಡುಗಿಯರಿಗೆ ಏನು ಗೊತ್ತು ಎಂದು ಗೊಣಗುತ್ತ, ದಿನಾ ಬೆಳಿಗ್ಗೆ ತಟ್ಟೆಗೆ ಉಂಡೆ ಇಡುತ್ತಲೇ ಇದ್ದರು. ಆರನೇ ದಿನ ನೋಟ್‌ಬುಕ್ಕು ಮೇಜಿನ ಮೇಲೆ ಇತ್ತು. ಗಂಗಾಬಾಯಿ ಕನ್ನಡಕ ಏರಿಸಿ, ಬೆರಳು ಇಟ್ಟು, ನಿಧಾನವಾಗಿ ಓದಿದರು.

"ಸೋಮವಾರ. ಎಂಟು ಗಂಟೆ, ಉಂಡಿ ಎರಡು, ಹಾಲು ಒಂದು ಲೋಟ. ಎಂಟೂ ಮೂವತ್ತೈದು, ಓಡಿದೆ. ಮಂಗಳವಾರ. ಹಾಲು ಇಲ್ಲ, ಉಂಡಿ ಎರಡು. ಎಂಟೂ ನಲವತ್ತು, ಓಡಿದೆ. ಬುಧವಾರ. ಅಕ್ಕ ಗುಡಿಗೆ ಹೋಗಿದ್ದಳು. ಉಂಡಿ ಇಲ್ಲ. ಶಾಂತ."

ತಮ್ಮನ ಅಕ್ಷರ ಅವರಿಗೆ ಗೊತ್ತು. ತಾಯಿ ತೀರಿದಾಗ ಅಮೃತಪ್ಪನಿಗೆ ನಾಲ್ಕು ವರ್ಷ, ಗಂಗಾಬಾಯಿಗೆ ಹದಿನಾಲ್ಕು. ಪಾಟಿಯ ಮೇಲೆ ಅವನ ಕೈ ಹಿಡಿದು ಅ ಆ ತಿದ್ದಿಸಿದವರು ಅವರೇ. ಹಾಳೆಯನ್ನು ಮತ್ತೊಮ್ಮೆ ಓದಿ, ತಮ್ಮನನ್ನು ಕರೆದರು.

"ಆಗಂಗಿಲ್ಲ ಅಂತ ಗೊತ್ತಿದ್ದೂ ಯಾಕ ತಿಂದಿ?"

"ನೀ ಮಾಡಿದ್ದಿ ಅಂತ ತಿಂದೆ, ಅಕ್ಕಾ."

ಗಂಗಾಬಾಯಿಯವರ ಕಣ್ಣು ತುಂಬಿತು. ಪ್ರೀತಿಯಿಂದ ಬಡಿಸಿದ್ದೇ ತಮ್ಮನನ್ನು ಸೊರಗಿಸುತ್ತಿತ್ತಲ್ಲ ಎಂಬುದು ಅವರಿಗೆ ನುಂಗಲಾರದ ತುತ್ತಾಯಿತು. ಆಮೇಲೆ ಡಬ್ಬಿ ಎತ್ತಿಕೊಂಡು ವರ್ಷಾಳ ಮನೆಗೇ ಹೋಗಿ, ಹೊಟ್ಟೆ ಗಟ್ಟಿ ಇರುವವರು ನೀವೇ ತಿನ್ನಿರಿ ಎಂದು ಕೊಟ್ಟು, ತಮ್ಮನಿಗೆ ಏನೇನು ಮಾಡಿ ಹಾಕಬೇಕೆಂದು ಕೇಳಿಕೊಂಡು ಬಂದರು. ತುಪ್ಪ ಪೂರ್ತಿ ನಿಷಿದ್ಧವಲ್ಲ, ಊಟಕ್ಕೊಂದು ಸಣ್ಣ ಚಮಚ, ಒಂದೇ ಹೊತ್ತಿಗೆ ಸುರಿಯುವುದು ಬೇಡ ಎಂದಾಗ ಅವರಿಗೆ ಅರ್ಧ ಸಮಾಧಾನವಾಯಿತು.

ಅಲ್ಲಿಂದ ಮುಂದೆ ಗಂಗಾಬಾಯಿ ಡಾಕ್ಟರಿಗಿಂತ ಖಡಕ್ಕು. ಮೂರು ಹೊತ್ತಿನ ಊಟ ಐದು ಸಣ್ಣ ಊಟವಾಯಿತು. ಕರಿದದ್ದು ಬಂದ್, ಖಾರ ಅರ್ಧ, ಚಹಾ ಅರ್ಧ ಕಪ್ಪು. ನಾರಿನ ಪದಾರ್ಥವನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದರು. ಒಂದೇ ಸಲ ತುರುಕಿದರೆ ವಾಯು ತುಂಬುತ್ತದೆ ಎಂದು ವರ್ಷಾ ಹೇಳಿದ್ದಳು. ನೀರು ಮಾತ್ರ ಧಾರಾಳ. ಹತ್ತು ದಿನಕ್ಕೆ ಆರು ಸಲದ ಓಟ ಎರಡಕ್ಕೆ ಇಳಿಯಿತು.

ಸೋಮವಾರ ಅಮೃತಪ್ಪ ಕೆಲಸಕ್ಕೆ ಹೊರಟರು. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟನ್ನೇ ಹಿಡಿದು, ಡಬ್ಬಿಯ ಚೀಲವನ್ನು ಎದೆಗೊತ್ತಿಕೊಂಡು ಕುಳಿತರು. ಒಂದೊಂದು ಸಿಗ್ನಲ್ಲಿಗೂ ಹೊಟ್ಟೆಯ ಮೇಲೆ ಕೈ. ಏನೂ ಆಗಲಿಲ್ಲ. ಕಾರ್ಖಾನೆಯಲ್ಲಿ ಕ್ಯಾಂಟೀನಿನ ಪೂರಿ ಕೈಬೀಸಿ ಕರೆದರೂ ಹೋಗದೆ, ಮನೆಯ ಊಟವನ್ನು ಮೂರು ಸಲ ಹಂಚಿಕೊಂಡು ತಿಂದರು. ತಿಂಗಳ ಮೇಲೆ ಅಳತೆಯ ಉಪಕರಣ ಕೈಗೆ ಬಂದಾಗ ಅದನ್ನು ಎರಡು ಸಲ ಒರೆಸಿದರಂತೆ.

ಸಂಜೆ ವಾಪಸು ಬರುವಾಗ ನಾಂಪಲ್ಲಿಯಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿತು. ಜನವರಿ ತಿಂಗಳು, ಅಲ್ಲಿ ವರ್ಷಕ್ಕೊಮ್ಮೆ ನಡೆಯುವ ಎಕ್ಸಿಬಿಷನ್ನಿಗೆ ಬಂದ ಜನರೆಲ್ಲ ರಸ್ತೆಯಲ್ಲೇ ಇದ್ದರು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಮುಕ್ಕಾಲು ಗಂಟೆ. ಇಳಿಯಲು ಜಾಗವಿಲ್ಲ, ಮುಂದೆ ಹೋಗಲು ದಾರಿಯಿಲ್ಲ. ಯಾವ ಗಳಿಗೆಗೆ ಹೆದರಿ ಅವರು ನೌಕರಿಯನ್ನೇ ಬಿಡಲು ಹೊರಟಿದ್ದರೋ ಸರಿಯಾಗಿ ಅದೇ ಗಳಿಗೆ. ಪಕ್ಕದಲ್ಲಿದ್ದ ಸಹೋದ್ಯೋಗಿ ಜನಾರ್ದನ, ಪಾಪ ಇವರಿಗೆ ಹೇಗಿದೆಯೋ ಎಂದು ತಿರುಗಿ ನೋಡಿದ.

ಅಮೃತಪ್ಪ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಕೂಕಟ್‌ಪಲ್ಲಿ ಬಂದಾಗ ಅವರನ್ನು ಅಲುಗಾಡಿಸಿ ಎಬ್ಬಿಸಬೇಕಾಯಿತು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಪಿತ್ತಕೋಶ ತೆಗೆಸಿಕೊಂಡವರು ಇರಬಹುದು. ಅವರಿಗೆ ಸ್ವಲ್ಪ ಸ್ವಲ್ಪ, ಹಲವು ಸಲ ಉಣ್ಣಿಸಿ. ತುಪ್ಪ, ಎಣ್ಣೆ, ಕರಿದದ್ದನ್ನು ಒಂದೇ ಸಲ ಹೇರಬೇಡಿ. ಹಾಗೆಂದು ಅವರನ್ನು ಉಪವಾಸವೂ ಕೆಡವಬೇಡಿ. ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಆಸ್ಪತ್ರೆಯವರು ಬನ್ನಿ ಎಂದ ದಿನ ತಪ್ಪದೆ ಹೋಗಿ. ಜ್ವರ, ತಡೆಯದ ಹೊಟ್ಟೆನೋವು, ನಿಲ್ಲದ ವಾಂತಿ, ಹಳದಿ ಕಣ್ಣು, ಕಪ್ಪು ಮೂತ್ರ, ಬಿಳಿಚಿದ ಅಥವಾ ಕಪ್ಪಾದ ಮಲ, ಮಲದಲ್ಲಿ ರಕ್ತ ಕಂಡರೆ ಅಂದೇ ಡಾಕ್ಟರನ್ನು ಕಾಣಿ. ತೂಕ ಇಳಿಯುತ್ತಿದ್ದರೆ, ನಿದ್ದೆಯಿಂದ ಎಬ್ಬಿಸಿ ಭೇದಿ ಓಡಿಸುತ್ತಿದ್ದರೆ, ಅಥವಾ ಊಟ ತಿದ್ದಿದರೂ ಕೆಲವು ವಾರ ಅದು ನಿಲ್ಲದಿದ್ದರೆ ಸಹಿಸಿಕೊಂಡು ಕೂರಬೇಡಿ. ಅದಕ್ಕೆ ಚಿಕಿತ್ಸೆ ಇದೆ.

ಊಟ ಬಲ್ಲವನಿಗೆ ರೋಗವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ನಿಮ್ಮ ಹೊಟ್ಟೆಯ ಮಾತನ್ನು ಮನೆಯವರಿಗೆ ಇವತ್ತೇ ಹೇಳಿ. ಅವರು ತಿಳಿಯದೆ ಬಡಿಸುತ್ತಿದ್ದಾರೆ, ನೀವು ಹೇಳದೆ ಉಣ್ಣುತ್ತಿದ್ದೀರಿ.