ಜೆವ್ದೆತ್ ಮೇಸ್ತ್ರಿಯ ಅಡ್ಡ ಕುರ್ಚಿ

ಜೆವ್ದೆತ್ ಮೇಸ್ತ್ರಿಗಳು ಬೀದಿಯಲ್ಲಿ ನೇರವಾಗಿ ನಡೆದದ್ದನ್ನು ಕಂಡವರು ನಮ್ಮ ಸರಯೇವೊದಲ್ಲಿ ಯಾರೂ ಇರಲಿಲ್ಲ. ಆರದ ಜ್ಯೋತಿ ಉರಿಯುವ ಪಡುವಣ ತುದಿಯಿಂದ ಹೊರಟು, ಫೆರ್ಹಾದಿಯಾ ಬೀದಿಯುದ್ದಕ್ಕೂ ಎಡದ ಅಂಗಡಿಯಿಂದ ಬಲದ ಅಂಗಡಿಗೆ, ಬಲದಿಂದ ಮತ್ತೆ ಎಡಕ್ಕೆ, ರಜಾಯಿಯೊಳಗೆ ಹೊಕ್ಕು ಹೊರಡುವ ದೊಡ್ಡ ಸೂಜಿಯಂತೆ ಓಡಾಡುತ್ತ, ಹತ್ತು ನಿಮಿಷದ ದಾರಿಯನ್ನು ಒಂದು ತಾಸು ಮಾಡಿಕೊಂಡು, ಹಳೆಯ ಪೇಟೆಯ ತಮ್ಮ ಅಂಗಡಿಗೆ ಬಂದು ಸೇರುತ್ತಿದ್ದರು. ಗಾಜು ಹೊಳೆಯುವ ಹೊಸ ಮಳಿಗೆಯಾಗಲಿ, ಮರದ ಹಲಗೆಯ ಹಳೆಯ ಗೂಡಾಗಲಿ, ಒಳಗೆ ತಲೆ ಹಾಕಿ, ಹೊಸ ಸಾಮಾನು ಏನು ಬಂದಿದೆ, ಯಾರ ಕೆಮ್ಮು ವಾಸಿಯಾಗಿದೆ, ಯಾರ ಮಗಳಿಗೆ ಸಂಬಂಧ ಕುದುರಿದೆ ಎಂದು ವಿಚಾರಿಸಿದ ಮೇಲೆಯೇ ಮುಂದಿನ ಹೆಜ್ಜೆ. ಎಪ್ಪತ್ತು ವರ್ಷ ತುಳಿದ ಬೀದಿ ಅವರಿಗೆ ದಿನಾ ಬೆಳಗ್ಗೆ ಹೊಸ ಊರಿನ ಹಾಗೆ ಕಾಣುತ್ತಿತ್ತು. ವಿಯೆನ್ನಾದಲ್ಲಿರುವ ತಂಗಿ, ಇಲ್ಲಿನ ದೊಡ್ಡ ಬೀದಿ ನೋಡಲು ಬಾ ಎಂದು ವರ್ಷ ವರ್ಷವೂ ಕರೆಯುತ್ತಿದ್ದಳು. ಇವರ ಉತ್ತರ ಒಂದೇ: "ನಮ್ದೇ ಇನ್ನೂ ನೋಡಿ ಮುಗ್ದಿಲ್ಲ ಕಣೆ."

ರಜಾಯಿ ಹೊಲಿಯುವುದು ಅವರ ಕಸುಬು. ಬೂದುಬಣ್ಣದ ಉದ್ದ ಕೋಟಿನ ಕೊರಳಪಟ್ಟಿಯ ಒಳಗೆ ಕೆಂಪು, ನೀಲಿ, ಹೊಂಬಣ್ಣದ ದಾರ ಪೋಣಿಸಿದ ಸೂಜಿಗಳ ಸಾಲು ಸದಾ ಇರುತ್ತಿದ್ದರಿಂದ, ಹಬ್ಬದ ದಿನ ಪ್ರೀತಿಯಿಂದ ತಬ್ಬಿಕೊಂಡವರು ಅಯ್ಯೋ ಎಂದು ಹಿಂದೆ ಸರಿಯುತ್ತಿದ್ದರು. ಹುಡುಗನಾಗಲಿ ಹುಡುಗಿಯಾಗಲಿ, ಪೊಲೀಸನಾಗಲಿ ಪಾದ್ರಿಯಾಗಲಿ, ತಮಗಿಂತ ಚಿಕ್ಕವರೆಲ್ಲರೂ ಅವರಿಗೆ "ಮಗಾ".

ನನ್ನ ಕಾಫಿ ಅಂಗಡಿ ಅವರ ಎದುರಿಗೇ ಇರುವುದರಿಂದ ಇದನ್ನೆಲ್ಲ ನಾನು ಕೂತಲ್ಲೇ ಕಂಡೆ, ಕೇಳಿದೆ. ನಮ್ಮ ಪೇಟೆಯಲ್ಲಿ ಯಜಮಾನ ಎದ್ದು ಹೊರಗೆ ಹೋಗುವಾಗ ಬಾಗಿಲು ಮುಚ್ಚುವುದಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ಒಂದು ಕುರ್ಚಿ ಇಡುತ್ತಾನೆ. ಕುರ್ಚಿ ಇದ್ದಲ್ಲಿ ಯಾರೂ ಕಾಲಿಡುವುದಿಲ್ಲ, ಎದುರಿನವರು ಕಣ್ಣಿಟ್ಟಿರುತ್ತಾರೆ. ಒಮ್ಮೆ ಪಕ್ಕದ ತಾಮ್ರದ ಅಂಗಡಿಯ ನೆಜೀರ್ ಹೆಂಡತಿಯ ಹೆರಿಗೆಗೆ ಓಡಿದ್ದಾಗ, ಪರದೇಶದವನೊಬ್ಬ ಕುರ್ಚಿ ದಾಟಿ ಒಳಗೆ ಹೋಗಿ ಚಿತ್ರ ತೆಗೆಯತೊಡಗಿದ. ಮೇಸ್ತ್ರಿಗಳು ಅವನನ್ನು ಕೈ ಹಿಡಿದು ಹೊರಗೆ ತಂದು, ಕುರ್ಚಿಯ ಮುಂದೆ ನಿಲ್ಲಿಸಿದರು. "ಕ್ಷಮೆ ಕೇಳು ಮಗಾ. ನಂಗಲ್ಲ, ಕುರ್ಚಿಗೆ." ಆತ ಕೇಳಿಯೂ ಕೇಳಿದ!

ಕಳೆದ ಜನವರಿಯಲ್ಲಿ ಹಿಮಗಟ್ಟಿದ ಮೆಟ್ಟಿಲ ಮೇಲೆ ಜಾರಿ ಅವರ ಸೊಂಟದ ಮೂಳೆ ಮುರಿಯಿತು. ಅಂಗಡಿ ನಗರಸಭೆಯಿಂದ ಬಾಡಿಗೆಗೆ ಪಡೆದದ್ದು. ಬಾಡಿಗೆದಾರ ನಲವತ್ತು ದಿನ ಅಂಗಡಿಯಲ್ಲಿ ಕಾಣದಿದ್ದರೆ ಬಾಡಿಗೆಯ ಹಕ್ಕು ಹೋಯಿತೆಂದು ಕರಾರುಪತ್ರದಲ್ಲಿ ಬರೆದಿತ್ತು; ಮೊಬೈಲಿನ ಕವಚ ಮಾರುವವರು ಆಗಲೇ ಬಂದು ಗೋಡೆಯ ಅಳತೆ ತೆಗೆದುಕೊಂಡು ಹೋಗಿದ್ದರು. ನಾನು ಆಸ್ಪತ್ರೆಗೆ ಹೋದಾಗ ಮೇಸ್ತ್ರಿಗಳು ಬೀಗದಕೈ ನನ್ನ ಅಂಗೈಗೆ ಒತ್ತಿ, "ರಸೇಮಾ, ದಿನಾ ಬಾಗ್ಲು ತೆಗ್ದು ಕುರ್ಚಿ ಇಡು. ಯಾರಾದ್ರೂ ಕೇಳಿದ್ರೆ ಇದ್ದದ್ದು ಇದ್ದಂಗೆ ಹೇಳು. ಸುಳ್ಳು ಹೇಳಿ ಉಳ್ಸಿದ ಅಂಗಡೀಲಿ ನಂಗೆ ಹೊಲಿಗೆ ಬರಲ್ಲ" ಎಂದರು.

ನಲವತ್ತನೆಯ ದಿನ ಮಧ್ಯಾಹ್ನ ಎರಡಕ್ಕೆ ನಗರಸಭೆ ಕಚೇರಿಯ ತರುಣನೊಬ್ಬ ಕಾಗದದ ಕಟ್ಟು ಹಿಡಿದು ಬಂದ.

"ಅಂಗಡಿಯವ್ರು ಎಲ್ಲಿದಾರಮ್ಮಾ?"

"ಆಸ್ಪತ್ರೇಲಪ್ಪ. ನಲವತ್ತು ದಿನ ಆಯ್ತು."

"ಅಂದ್ರೆ ಅಂಗಡಿ ಮುಚ್ಚಿದೆ."

"ಮುಚ್ಚಿದ್ರೆ ಕುರ್ಚಿ ಯಾಕಿಡ್ತಿದ್ವಿ ಮಾರಾಯಾ?" ಎಂದ ನೆಜೀರ್, ಸುತ್ತಿಗೆ ಕೆಳಗಿಡದೆ.

ಒಳಗಿನ ಸಾಮಾನಿನ ಪಟ್ಟಿ ಮಾಡುತ್ತೇನೆಂದು ತರುಣ ಕಾಲೆತ್ತಿದ. ಆದರೆ ಆ ಕಾಲು ಕುರ್ಚಿಯನ್ನು ದಾಟಲಿಲ್ಲ; ಗಾಳಿಯಲ್ಲೇ ಒಂದು ಗಳಿಗೆ ನಿಂತು, ಹಿಂದಕ್ಕೆ ಇಳಿಯಿತು. ಅವನೂ ಈ ಊರಲ್ಲೇ ಹುಟ್ಟಿದವನು. ಮುಖ ಕೆಂಪಗೆ ಮಾಡಿಕೊಂಡು, "ನಾಲ್ಕು ಗಂಟೆಗೆ ಕಚೇರಿ ಮುಚ್ತಾರೆ. ಅಲ್ಲೀ ತನಕ ಕಾಯ್ತೀನಿ, ಆಮೇಲೆ ನನ್ನ ಕೈಲೇನಿಲ್ಲ" ಎಂದ. ನಾನು ಅವನಿಗೆ ಕಾಫಿ ಕೊಟ್ಟು, ಆಸ್ಪತ್ರೆಗೆ ಫೋನು ಮಾಡಿದೆ.

ವೈದ್ಯರೊಡನೆ ಜಗಳವಾಡಿ ಹೊರಟ ಮೇಸ್ತ್ರಿಗಳು ಮೂರು ಗಂಟೆಗೆ ಬೀದಿಯ ತುದಿಯಲ್ಲಿ ಟ್ಯಾಕ್ಸಿಯಿಂದ ಇಳಿದರಂತೆ. ಅಲ್ಲಿಂದೀಚೆಗೆ ವಾಹನ ಬಿಡುವುದಿಲ್ಲ. ಎರಡು ಕಂಕುಳಿಗೂ ಊರುಗೋಲು. ಆದರೂ ಮನುಷ್ಯ ಮೊದಲು ಎಡದ ಅಂಗಡಿಗೆ ತಿರುಗಿದರು! ಎದುರಿಗೆ ಓಡಿದ ನೆಜೀರ್ ತಲೆ ಚಚ್ಚಿಕೊಂಡ.

"ನೆಟ್ಟಗೆ ಬನ್ನಿ ಮಾರಾಯ್ರೇ, ಅಂಗಡಿ ಹೋಗತ್ತೆ!"

"ನಲವತ್ತು ದಿನ ಆಯ್ತಲ್ಲೋ ಮಗಾ, ಮಾತಾಡಿಸ್ದೆ ಹೆಂಗೆ ದಾಟ್ಲಿ?"

ಆಗ ನೆಜೀರ್ ಇನ್ನು ಅವರೊಡನೆ ಮಾತು ಬೆಳೆಸದೆ, ಬೀದಿಯುದ್ದಕ್ಕೂ ಕೂಗುತ್ತ ವಾಪಸು ಓಡಿ ಬಂದ: "ಹೊರಗೆ ಬನ್ರೋ, ನೀವೇ ನಡುವಿಗೆ ಬನ್ನಿ! ಇವ್ರು ಬದಲಾಗೋ ಪೈಕಿ ಅಲ್ಲ!"

ಅಕ್ಕಸಾಲಿಗ ಬಂದ, ಪುಸ್ತಕದಂಗಡಿಯವಳು ಬಂದಳು, ಗಾಜಿನ ಮಳಿಗೆಗಳ ಎಳೆಯ ಹುಡುಗಿಯರೂ ಬಂದರು. ಒಬ್ಬೊಬ್ಬರೂ ತಮ್ಮ ತಮ್ಮ ಹೊಸ್ತಿಲಿಗೆ ಕುರ್ಚಿ ಅಡ್ಡವಿಟ್ಟು, ಕುರ್ಚಿ ಇಲ್ಲದವರು ಪೊರಕೆಯನ್ನೋ ಡಬ್ಬವನ್ನೋ ಇಟ್ಟು, ಕಲ್ಲುಹಾಸಿನ ನಡುವಿಗೆ ಬಂದು ಸಾಲಾಗಿ ನಿಂತರು. ಆ ಸಾಲಿನ ಗುಂಟ ಒಬ್ಬೊಬ್ಬರ ಕೆನ್ನೆ ಮುಟ್ಟುತ್ತ, ಗದರುತ್ತ, ನಗುತ್ತ, ಜೆವ್ದೆತ್ ಮೇಸ್ತ್ರಿಗಳು ಹುಟ್ಟಿದ ಮೇಲೆ ಮೊದಲ ಸಲ ನೇರವಾಗಿ ನಡೆದರು. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ತಮ್ಮ ಬಾಗಿಲಿಗೆ ಬಂದು, ಕುರ್ಚಿಯನ್ನು ತಾವೇ ಪಕ್ಕಕ್ಕೆ ಸರಿಸಿ, "ಒಳಗೆ ಬಾ ಮಗಾ, ಎಲ್ಲಿ ಸಹಿ ಹಾಕ್ಬೇಕು?" ಎಂದರು. ತರುಣನೇ ಲೇಖನಿ ತೆರೆದುಕೊಟ್ಟ. ಬೀದಿಯಲ್ಲಿ ಎದ್ದ ಚಪ್ಪಾಳೆಗೆ ಮಸೀದಿಯ ಅಂಗಳದ ಪಾರಿವಾಳಗಳೆಲ್ಲ ಹಾರಿದವು.

ಇಂಥವರು ಸಂಘ ಕಟ್ಟುವುದಿಲ್ಲ, ಭಾಷಣ ಮಾಡುವುದಿಲ್ಲ. ದಿನಾ ಎದುರಾದ ಮನುಷ್ಯರನ್ನು ನಿಲ್ಲಿಸಿ ಮಾತಾಡಿಸುತ್ತಾರೆ, ಅಷ್ಟೇ. ಅದು ಕೆಲಸವಿಲ್ಲದವರ ಕೆಲಸವೆಂದು ನಗುವವರುಂಟು, ನಾನೂ ನಕ್ಕಿದ್ದೇನೆ. ಆದರೆ ಹಾಗೆ ಮಾತಾಡಿಸಿಕೊಂಡವರ ಎದೆಯಲ್ಲಿ ಒಂದು ಹಕ್ಕು ಸದ್ದಿಲ್ಲದೆ ಬೆಳೆದಿರುತ್ತದೆ: ಈ ಮುದುಕ ನಮ್ಮವನು ಎಂಬ ಹಕ್ಕು. ಅದನ್ನು ರದ್ದು ಮಾಡುವ ಕಾಗದ ಇನ್ನೂ ಯಾವ ಕಚೇರಿಯಲ್ಲೂ ಅಚ್ಚಾಗಿಲ್ಲ.